ಹಿಲ್ಡಾಳ ಹೆಸರಿನ ಕಿಟಕಿಗಳು

ಡ್ಯಾರೆನ್ ಹಿಂಡಲ್ ಕಿಟಕಿ ಒರೆಸಿ ಇಳಿದರೆ ಅಲ್ಲಿ ಗಾಜಿದೆಯೋ ಇಲ್ಲವೋ ಗೊತ್ತಾಗದೆ ನಮ್ಮ ಪ್ಯಾಡಿಹಮ್ ಊರಿನ ಪಾರಿವಾಳಗಳು ಸೀದಾ ಮನೆಯೊಳಗೆ ನುಗ್ಗಲು ಹೋಗಿ ಮೂತಿ ಚಪ್ಪಟೆ ಮಾಡಿಕೊಳ್ಳುತ್ತಿದ್ದವು. ಕೊಕ್ಕಿಲ್ಲದ ಒಂದೆರಡು ಈಗಲೂ ಪೇಟೆ ಬೀದಿಯಲ್ಲಿ ಓಡಾಡಿಕೊಂಡಿವೆ. ನಂಬದವರು ಬಂದು ನೋಡಬಹುದು. ಅವನಿಗೆ ಕೆಲಸ ಕಲಿಸಿದವನು ನಾನು. ಹಾಗಾಗಿ ಆ ಪಾರಿವಾಳಗಳ ಶಾಪದಲ್ಲಿ ನನಗೂ ಪಾಲಿದೆ.

ಯಾವ ಯಾವ ಬೀದಿಯ ಕಿಟಕಿ ಯಾರು ಒರೆಸಬೇಕು ಎಂಬ ಹಕ್ಕನ್ನು ನಮ್ಮ ಕಸುಬಿನಲ್ಲಿ ರೌಂಡು ಎನ್ನುತ್ತೇವೆ. ಅದನ್ನು ಅಂಗಡಿ ಮಾರಿದ ಹಾಗೆ ಮಾರುತ್ತೇವೆ, ಕೊಳ್ಳುತ್ತೇವೆ. ಮಾರುವವನು ಕೊಳ್ಳುವವನನ್ನು ಜೊತೆಗೆ ಕರೆದುಕೊಂಡು ಮನೆಮನೆಯ ಬಾಗಿಲು ತಟ್ಟಿ, ಇನ್ನು ಮುಂದೆ ನಿಮ್ಮ ಕಿಟಕಿಗೆ ಇವನೇ ದಿಕ್ಕು ಎಂದು ಹೇಳಿ ಬರಬೇಕು. ಹಾಗೆ ಹೇಳದಿದ್ದರೆ ನೀವು ಕೊಂಡದ್ದು ಒಂದು ಬಕೆಟ್ ಮಾತ್ರ. ನನ್ನ ಮಂಡಿಗಳು ಚಂಡಿ ಹಿಡಿದ ವರ್ಷ ನಾನು ಡ್ಯಾರೆನ್‌ನನ್ನು ಹೀಗೆ ಊರೆಲ್ಲ ಸುತ್ತಿಸಿ ರೌಂಡು ವಹಿಸಿಕೊಟ್ಟೆ.

ಅದಕ್ಕೆ ಮೊದಲು ಅವನು ಹಾಸಿಗೆ ಕಾರ್ಖಾನೆಯಲ್ಲಿದ್ದ. ಹೆಂಡತಿ ಜನೀನ್ ಬೇರೆಯಾಗಿ ಮಗಳು ಕರ್ಸ್ಟಿಯನ್ನು ಕರೆದುಕೊಂಡು ಪಕ್ಕದ ಬೀದಿಯ ಸಾಲುಮನೆಯಲ್ಲಿ ಬಾಡಿಗೆಗಿದ್ದಳು. ಮಗುವಿನ ಜೀವನಾಂಶ ಇವನ ಸಂಬಳದಿಂದ ಇವನ ಕೈ ಸೇರುವ ಮೊದಲೇ ಕಡಿತವಾಗುತ್ತಿತ್ತು. ಅದೇನೂ ಪ್ರಾಣ ಹೋಗುವಂಥ ಮೊತ್ತವಲ್ಲ. ಆದರೂ ಶುಕ್ರವಾರ ಶುಕ್ರವಾರ ಪಬ್ಬಿನಲ್ಲಿ ಅವನು ಅದರ ಬಗ್ಗೆ ಗೋಳಾಡುವುದನ್ನು ಕೇಳಿದರೆ, ಜನೀನ್ ಆ ದುಡ್ಡಲ್ಲಿ ಚಿನ್ನದ ಬಾತ್‌ಟಬ್ಬಿನಲ್ಲಿ ಆಡಿನ ಹಾಲು ತುಂಬಿಸಿಕೊಂಡು ಮಲಗಿದ್ದಾಳೆ ಅಂದುಕೊಳ್ಳಬೇಕು. ಜನೀನ್ ಮಲಗುತ್ತಿದ್ದದ್ದು ಕಡಿಮೆ. ವೃದ್ಧಾಶ್ರಮದಲ್ಲಿ ಎರಡು ಪಾಳಿ ಮಾಡುತ್ತಿದ್ದಳು.

ಸ್ವಂತ ಕಸುಬಿಗೆ ಇಳಿದ ಮೇಲೆ ಡ್ಯಾರೆನ್‌ಗೆ ಒಂದು ದೊಡ್ಡ ಜ್ಞಾನೋದಯವಾಯಿತು. ಇವನ ಆದಾಯ ಎಷ್ಟು ಎಂದು ಹೇಳಬೇಕಾದವನು ಈಗ ಇವನೇ. ಮೊದಲ ವರ್ಷವೇ ವ್ಯಾನು, ಏಣಿ, ನೀರಿನ ಟ್ಯಾಂಕು, ಬೂಟು, ಬೂಟಿನೊಳಗಿನ ಕಾಲುಚೀಲ, ಎಲ್ಲವನ್ನೂ ಖರ್ಚಿಗೆ ಬರೆದ. ಮಳೆಯನ್ನೂ ಬರೆಯುತ್ತಿದ್ದನೋ ಏನೋ, ಅದಕ್ಕೆ ರಸೀದಿ ಸಿಗಲಿಲ್ಲ. ಸರ್ಕಾರದವರು ಇವನು ಹೇಳಿದ ಲಾಭ ನೋಡಿ ಜೀವನಾಂಶವನ್ನು ಇಳಿಸಿದರು. ಜನೀನ್ ಬಿಡಲಿಲ್ಲ. ಊರ ಗಾಜೆಲ್ಲ ಫಳಫಳ ಅನ್ನುವಾಗ ಅದನ್ನು ಒರೆಸುವವನು ಭಿಕಾರಿ ಆಗೋದು ಹೇಗೆ ಎಂದು ದೂರು ಕೊಟ್ಟಳು. ವಿಚಾರಣೆ ಬರುವ ಸುಳಿವು ಸಿಕ್ಕಿದ್ದೇ ಇವನು ಇಡೀ ರೌಂಡನ್ನು ತಾಯಿ ಹಿಲ್ಡಾಳ ಹೆಸರಿಗೆ ಬರೆದು, ತಾನು ಅವಳ ಬಳಿ ವಾರಕ್ಕೆ ಕೆಲವೇ ತಾಸಿನ ಕೂಲಿಯಾಳು ಎಂದು ರುಜು ಹಾಕಿದ. ಜೀವನಾಂಶ ವಾರಕ್ಕೆ ಏಳು ಪೌಂಡಿಗೆ ಬಂದು ನಿಂತಿತು. ಆ ದುಡ್ಡಿಗೆ ಒಂದು ಮಗುವನ್ನಲ್ಲ, ಒಂದು ಆಮೆಯನ್ನು ಸಾಕಬಹುದು, ಅದೂ ಆಮೆ ಮಿತಾಹಾರಿಯಾಗಿದ್ದರೆ.

ಹಿಲ್ಡಾಳಿಗೆ ಆಗ ಎಪ್ಪತ್ತೆಂಟು. ಎರಡೂ ಸೊಂಟದ ಕೀಲು ಪ್ಲಾಸ್ಟಿಕ್ಕಿನವು. ಕಾಗದದ ಲೆಕ್ಕದಲ್ಲಿ ಈ ಮುದುಕಿ ದಿನಕ್ಕೆ ನಲವತ್ತು ಸಲ ಏಣಿ ಹತ್ತಿ ಇಳಿಯುತ್ತಿದ್ದಳು. ಸರ್ಕಸ್ಸಿನವರು ಹುಡುಕಿಕೊಂಡು ಬರಲಿಲ್ಲ ಅನ್ನುವುದೇ ಆಶ್ಚರ್ಯ. ತೆರಿಗೆ ಉಳಿಸುವ ಉಪಾಯ ಎಂದು ಮಗ ಹೇಳಿದ್ದ, ಅವಳು ನಕ್ಕು ರುಜು ಹಾಕಿದ್ದಳು. ಜನೀನ್ ಬೇರೆಯಾದ ಮೇಲೆ ಅವನು ತಾಯಿಯ ಮನೆಯ ಹಿಂದಿನ ಕೋಣೆಯಲ್ಲೇ ಇದ್ದ. ಬಾಡಿಗೆ ಕೇಳದ ತಾಯಿ ರುಜುವಿಗೆ ಬೆಲೆ ಕೇಳುತ್ತಾಳೆಯೇ?

ಕರ್ಸ್ಟಿ ಶನಿವಾರ ಅಜ್ಜಿಯ ಮನೆಗೆ ಬರುತ್ತಿದ್ದಳು. ಆಗ ಹನ್ನೊಂದು ವರ್ಷ. ಒಂದು ಶನಿವಾರ ಆಲೂಗಡ್ಡೆ ಪೈ ತಿನ್ನುತ್ತಾ ಆ ಹುಡುಗಿ ಹೇಳಿದ್ದನ್ನು ಹಿಲ್ಡಾ ನನಗೆ ಹೇಳಿದಾಗ, ಅಕ್ಷರ ಬಿಡದೆ ಹೇಳಿದಳು.

"ಅಜ್ಜಿ, ನಾವು ಮೊರೆಕಾಂಬ್‌ಗೆ ಹೋಗ್ತೀವಂತೆ. ಚಿಕ್ಕಮ್ಮನ ಊರಿಗೆ. ಇಲ್ಲಿ ಬಾಡಿಗೆ ಕಟ್ಟಕ್ಕಾಗಲ್ವಂತೆ."

"ಯಾಕೆ ಮಗಾ, ನಿಮ್ಮಪ್ಪ ಕೊಡಲ್ವಾ?"

"ಏಳು ಪೌಂಡ್ ಕೊಡ್ತಾನೆ. ಅಪ್ಪಂಗೆ ಸಂಬಳಾನೇ ಅಷ್ಟಲ್ವಾ. ನೀನೇ ತಾನೇ ಓನರು, ಸ್ವಲ್ಪ ಜಾಸ್ತಿ ಮಾಡು ಅಜ್ಜಿ."

ಹಿಲ್ಡಾಳ ಚಮಚ ತಟ್ಟೆಯಲ್ಲೇ ಉಳಿಯಿತು. ಮೊಮ್ಮಗಳ ಅನ್ನಕ್ಕೆ ತನ್ನ ರುಜು ಅಡ್ಡ ಬಿದ್ದಿದೆ ಎಂದು ಅವಳಿಗೆ ತಿಳಿದದ್ದೇ ಆಗ.

ಸಂಜೆ ಮಗನಿಗೆ ಮೊದಲು ಮೆತ್ತಗೆ ಹೇಳಿದಳು, ಆಮೇಲೆ ಗಟ್ಟಿಯಾಗಿ ಹೇಳಿದಳು. ಅವನದು ಒಂದೇ ಹಟ. ಜನೀನ್‌ಳ ಉಗುರುಬಣ್ಣಕ್ಕೆ ತಾನು ಏಣಿ ಹತ್ತುವುದಿಲ್ಲ. ಅವಳು ಊರು ಬಿಡುವುದೆಲ್ಲ ಬರೀ ಬೆದರಿಕೆ. ಕೊನೆಗೆ, "ಕಾಗದದ ಪ್ರಕಾರ ನನ್ನ ಹತ್ರ ಏನೂ ಇಲ್ಲಮ್ಮ," ಎಂದು ನಕ್ಕ.

"ಹಂಗಾದ್ರೆ ಇರೋದೆಲ್ಲ ನನ್ನ ಹತ್ರ ಅಂತಾಯ್ತು," ಎಂದಳು ಹಿಲ್ಡಾ.

ಮುಂದಿನ ವಾರ ಅವಳು ನನ್ನ ಬಾಗಿಲಿಗೆ ಬಂದಾಗ ಪಕ್ಕದಲ್ಲಿ ನೆಲ್ಸನ್ ಊರಿನ ಷಫೀಕ್ ಇದ್ದ. ಮೂರು ವ್ಯಾನು ಇಟ್ಟುಕೊಂಡ ಒಳ್ಳೆಯ ಕೆಲಸಗಾರ. ರೌಂಡನ್ನು ಅವನಿಗೆ ಮಾರಿದ್ದೇನೆ, ಮನೆಮನೆಗೆ ತೋರಿಸಬೇಕು, ಬೀದಿಗಳು ನಿನಗೆ ಗೊತ್ತು, ನಡಿ ಎಂದಳು. ಮೂವರೂ ಹೊರಟೆವು. ಹಿಲ್ಡಾಳದೂ ನನ್ನದೂ ಸೇರಿ ಒಂದೂವರೆ ಜೊತೆ ಕಾಲು ಕೆಲಸ ಮಾಡುತ್ತಿದ್ದವು. ಒಂದು ಬಸವನಹುಳು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಮರುಗಿ ಮುಂದೆ ಹೋಯಿತು.

ಬಾಗಿಲು ತೆರೆದವರಿಗೆಲ್ಲ ಕಾಗದದ ವಿಷಯ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಮುಖ ಮಾಡಿಕೊಂಡರು. ಮೂಲೆಮನೆಯ ಡೋರಿಸ್ ಮಾತ್ರ ಲಗಾಮಿಲ್ಲದ ಬಾಯಿಯವಳು.

"ಹೋದ ತಿಂಗಳು ನನ್ನ ಅಡುಗೆಮನೆ ಕಿಟಕಿ ಮೂಲೆ ಹಂಗೇ ಬಿಟ್ಟು ಹೋಗಿದ್ಯಲ್ಲೇ ಹಿಲ್ಡಾ."

"ಸೊಂಟ ಹಿಡ್ಕೊಂಡಿತ್ತು ಕಣೇ," ಎಂದಳು ಹಿಲ್ಡಾ, ಒಂದು ಚೂರೂ ನಗದೆ.

ಆ ಬೀದಿಯ ಕೊನೆಯಲ್ಲಿ ಡ್ಯಾರೆನ್ ಏಣಿಯ ಮೇಲಿದ್ದ. ಮೇಲಿನಿಂದಲೇ ನಮ್ಮನ್ನು ನೋಡಿದ. ಕಸುಬಿನವನಿಗೆ ಇಬ್ಬರು ಮೂವರು ಹೀಗೆ ಬಾಗಿಲಿಂದ ಬಾಗಿಲಿಗೆ ನಡೆದರೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಳಿದು ಬಂದವನ ಮುಖ ಬಟ್ಟೆ ಹಿಂಡಿದ ಹಾಗಿತ್ತು.

"ಅಮ್ಮ, ಇದು ನನ್ನ ರೌಂಡು."

"ಹೌದಾ? ಆ ಮಾತು ಜೀವನಾಂಶದ ಆಫೀಸಿಗೆ ಫೋನ್ ಮಾಡಿ ಹೇಳು. ಇಲ್ಲೇ, ನನ್ನೆದುರಿಗೆ ಹೇಳು. ಷಫೀಕ್‌ನ ದುಡ್ಡು ನಾನು ಈಗಲೇ ವಾಪಸ್ ಕೊಡ್ತೀನಿ."

ಷಫೀಕ್ ಪಾಪ ತನ್ನ ಬೂಟು ನೋಡುತ್ತಾ ನಿಂತ. ಡ್ಯಾರೆನ್ ಜೇಬಿನಿಂದ ಫೋನು ತೆಗೆದ. ಅದನ್ನು ನೋಡಿದ, ಒರೆಸಿದ, ಇನ್ನೊಮ್ಮೆ ನೋಡಿದ. ಇಷ್ಟು ಮಾಡುವಷ್ಟರಲ್ಲಿ ಅವನು ಇಂಗ್ಲೆಂಡಿನ ಅರ್ಧ ಜನರಿಗೆ ಫೋನ್ ಮಾಡಬಹುದಿತ್ತು. ಹೇಳಿದರೆ ರೌಂಡು ಉಳಿಯುತ್ತಿತ್ತು, ಆದರೆ ಹಿಂದಿನ ಬಾಕಿಯನ್ನೆಲ್ಲ ಜನೀನ್‌ಗೆ ಕಟ್ಟಬೇಕಿತ್ತು. ಫೋನು ಜೇಬಿಗೆ ವಾಪಸಾಯಿತು.

"ಈ ಕೂಲಿಯಾಳು ಕೆಲಸ ಚೆನ್ನಾಗಿ ಮಾಡ್ತಾನೆ," ಎಂದು ಹಿಲ್ಡಾ ಷಫೀಕ್‌ಗೆ ಹೇಳಿದಳು. "ಬೇಕಿದ್ರೆ ಇಟ್ಕೊ." ಹೇಳಿ ಕೋಲೂರುತ್ತಾ ಮುಂದಿನ ಬಾಗಿಲಿಗೆ ಹೊರಟಳು.

ಷಫೀಕ್ ಇಟ್ಟುಕೊಂಡ. ಸರಿಯಾದ ಸಂಬಳ, ಸರಿಯಾದ ಚೀಟಿ, ಅದರಲ್ಲಿ ಜೀವನಾಂಶ ಮೊದಲೇ ಕಡಿತ. ಹಾಸಿಗೆ ಕಾರ್ಖಾನೆಯಲ್ಲಿ ಇದ್ದ ಹಾಗೆಯೇ, ಮಳೆಯೊಂದು ಹೆಚ್ಚಿಗೆ.

ಮಾರಿದ ದುಡ್ಡನ್ನು ಹಿಲ್ಡಾ ಒಂದು ಕಾಸು ಇಟ್ಟುಕೊಳ್ಳದೆ ಜನೀನ್‌ಗೆ ಕೊಟ್ಟು ಬಂದಳು. ಬಾಕಿ ಬಾಡಿಗೆ ತೀರುತ್ತದೆ, ಮೊಮ್ಮಗಳು ಪಕ್ಕದ ಬೀದಿಯಲ್ಲೇ ಉಳಿಯುತ್ತಾಳೆ ಎಂಬುದು ಅವಳ ಎಣಿಕೆ. ಆದರೆ ಮನೆಯ ಮಾಲೀಕ ಆ ಮನೆಯನ್ನು ಬೇರೆಯವರಿಗೆ ಕೊಡುವುದಾಗಿ ಆಗಲೇ ಮಾತು ಕೊಟ್ಟಿದ್ದ. ಜನೀನ್ ಅವಳ ಕೈ ಹಿಡಿದುಕೊಂಡು ಅತ್ತಳಂತೆ. ಈ ದುಡ್ಡಿಂದ ಮೊರೆಕಾಂಬ್‌ನಲ್ಲಿ ತಂಗಿಯ ಮನೆಯ ಸೋಫಾ ಬದಲು ಸ್ವಂತಕ್ಕೊಂದು ಮನೆ ಹಿಡಿಯಬಹುದು ಎಂದಳಂತೆ. ಹಿಲ್ಡಾ ಮನೆಗೆ ಬಂದು ಕೋಟು ಬಿಚ್ಚದೆ ಕೂತಿದ್ದಳು. ನಾನು ಚಹಾ ಮಾಡಿ ಕೊಟ್ಟೆ, ಅದು ಆರಿ ಹೋಯಿತು.

"ಅವರು ಹೋಗೋ ಗಾಡಿಗೆ ನಾನೇ ದುಡ್ಡು ಕೊಟ್ಟು ಬಂದೆ ಆಲ್ಫ್," ಎಂದಳು.

ಅವರು ಹೊರಟ ದಿನ ಸಾಮಾನು ಏರಿಸಲು ನಾನೂ ಹೋಗಿದ್ದೆ; ದೀಪದ ಬುರುಡೆ ಒಂದನ್ನು ಬಹಳ ಜವಾಬ್ದಾರಿಯಿಂದ ಹೊತ್ತೆ. ಡ್ಯಾರೆನ್ ಷಫೀಕ್‌ನ ಹೆಸರಿದ್ದ ಅಂಗಿ ಹಾಕಿಕೊಂಡು ಕೆಲಸದ ನಡುವೆ ಓಡಿ ಬಂದ. ಕರ್ಸ್ಟಿ ಅವನನ್ನು ತಬ್ಬಿಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು.

"ಅಪ್ಪ, ಅಜ್ಜಿ ಕೊಟ್ಟಿದ್ದು ನಿಜವಾಗ್ಲೂ ನಿನ್ನ ದುಡ್ಡು ಅಂತ ಶಾಲೇಲಿ ಹೇಳ್ತಾರೆ. ಹೌದಾ?"

ಜನೀನ್ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಡ್ಯಾರೆನ್ ಮಗಳನ್ನು ನೋಡುವ ಮೊದಲು ಅವಳನ್ನು ನೋಡಿದ; ಹೌದು ಎಂದರೆ ಹಳೆಯ ಬಾಕಿಗೆ ಅವಳೇ ಸಾಕ್ಷಿ.

"ಇಲ್ಲ ಪುಟ್ಟಿ. ಅದು ಅಜ್ಜಿದೇ."

"ಸ್ವಲ್ಪಾನೂ ನಿನ್ನದಲ್ವಾ?"

"ಇಲ್ಲ."

ಹುಡುಗಿ ತಲೆಯಾಡಿಸಿದಳು. ಅವನನ್ನು ಬಿಟ್ಟು ಹಿಲ್ಡಾಳ ಬಳಿಗೆ ಹೋಗಿ, ಥ್ಯಾಂಕ್ಸ್ ಅಜ್ಜಿ ಎಂದು ಅವಳ ಕೆನ್ನೆಗೆ ಮುತ್ತು ಕೊಟ್ಟು ವ್ಯಾನು ಹತ್ತಿದಳು. ವ್ಯಾನು ತಿರುವು ದಾಟುವವರೆಗೂ ಅವಳು ಕೈ ಬೀಸಿದ್ದು ಅಜ್ಜಿಗೆ. ಡ್ಯಾರೆನ್ ಕೂಡ ಕೈಯೆತ್ತಿ ನಿಂತಿದ್ದ.