ಸೂಜಿಯಮ್ಮ ನೋಡದ ಕರಡಿ ಕುಣಿತ

ನಮ್ಮತ್ತೆಯನ್ನು ಆಟದ ಪಾರ್ಕಿನವರೆಲ್ಲ ಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಪಾರ್ಕಿನ ಹಿಂಬದಿಯ ಹೊಲಿಗೆ ಕೋಣೆಯಲ್ಲಿ ಕೂತು ಕರಡಿ, ಮೊಲ, ಹುಲಿಗಳ ವೇಷ ಹೊಲಿದವರು. ವೇಷದೊಳಗಿನ ಮನುಷ್ಯ ಬೆವರಿ ನೀರಾಗುತ್ತಾನೆಂದು ಪ್ರತಿ ವೇಷದ ಕುತ್ತಿಗೆಯ ಒಳಗೆ ಕರವಸ್ತ್ರಕ್ಕೊಂದು ಪುಟ್ಟ ಜೇಬು ಇಡುತ್ತಿದ್ದರು. ಇಡಿ ಎಂದು ಯಾರೂ ಹೇಳಿರಲಿಲ್ಲ.

ಅವರಿಗೆ ಎಪ್ಪತ್ತು ತುಂಬುವ ದಿನದ ಊಟ ಅದೇ ಪಾರ್ಕಿನಲ್ಲೇ ಆಗಬೇಕೆಂದು ನಾದಿನಿ ಹಟ ಹಿಡಿದಳು. ಅವಳು ಬಸ್ಸಿನ ಕಂಡಕ್ಟರ್. ದನಿಯೂ ಹಾಗೇ.

"ಇಷ್ಟು ವರ್ಷ ಹಿಂದಿನ ಗೇಟಲ್ಲಿ ಓಡಾಡಿದ್ದಾಳೆ. ಒಂದು ದಿನ ಮುಂದಿನ ಗೇಟಲ್ಲಿ ಹೋಗ್ಲಿ, ಅತ್ತಿಗೆ."

ಒಳಗೆ ಎರಡು ಹೋಟೆಲುಗಳಿದ್ದವು. ಮಹಡಿಯ ಮೇಲೆ ಗಾಜಿನ ಗೋಡೆಯ, ಸದ್ದಿಲ್ಲದ ಒಂದು. ಕೆಳಗೆ, ಊಟದ ನಡುವೆ ಕರಡಿ ಬಂದು ಕುಣಿಯುವ, ಮಕ್ಕಳ ಕಿರುಚಾಟದ ಇನ್ನೊಂದು.

"ಮೇಲಿನದೇ ಸರಿ. ಕೆಳಗೆ ಹೋದ್ರೆ ಅಮ್ಮ ಕರಡಿನ ಹಿಡ್ಕೊಂಡು ಹೊಲಿಯೋಕೇ ಕೂತ್ಕೋತಾಳೆ. ಅವತ್ತೊಂದಿನ ಅವಳ ಕೈಗೆ ಸೂಜಿ ಬರಬಾರದು, ಅಷ್ಟೇ!"

ಸಂಜೆ ಬಟ್ಟೆ ಮಡಚುತ್ತಾ ಅತ್ತೆಯನ್ನೇ ಕೇಳಿದೆ.

"ಎಲ್ಲಾದ್ರೂ ಸರಿ ಕಣಮ್ಮ."

ಅವರು ಹಾಗಂದ ಮೇಲೆ ಸ್ವಲ್ಪ ಕಾಯಬೇಕು. ಕಾದೆ. ನಾಲ್ಕು ಬಟ್ಟೆ ಮಡಚಿದ ಮೇಲೆ ಮೆಲ್ಲಗೆ ಹೇಳಿದರು: "ಕರಡಿ ಕುಣಿಯೋದನ್ನ ನಾನು ನೋಡೇ ಇಲ್ಲ."

"ಏನತ್ತೆ, ಅಷ್ಟು ವರ್ಷ ಅಲ್ಲೇ ಇದ್ದು?"

"ನನ್ನ ಹತ್ರ ಬರ್ತಿದ್ದಿದ್ದು ಹರಿದಾಗ ತಾನೇ? ಮೊಳೆಗೆ ನೇತುಹಾಕಿದ ಕರಡಿ ನೋಡಿದೀನಿ. ಅದು ಕುಣಿಯೋ ಹೊತ್ತಲ್ಲಿ ನನ್ನ ಮಷೀನು ಓಡ್ತಿರೋದು."

ನಾದಿನಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಇದನ್ನ ಬಾಯಿಬಿಟ್ಟು ಹೇಳೋಕೆ ಈ ಅಮ್ಮನಿಗೆ ಏನಾಗಿತ್ತು ರೋಗ? ಸರಿ, ಕೆಳಗಿನದೇ. ಆದ್ರೆ ಚೀಲದ ತಪಾಸಣೆ ನಂದು."

ಆ ದಿನ ಮುಂದಿನ ಗೇಟಿನಲ್ಲೇ ತಪಾಸಣೆ ನಡೆಯಿತು. ಟಿಕೆಟ್ಟಿಲ್ಲದವರನ್ನು ಬಸ್ಸಿನಿಂದ ಇಳಿಸುವಂತೆ ನಾದಿನಿ ಅತ್ತೆಯ ಚೀಲದಿಂದ ಸೂಜಿ ಡಬ್ಬಿ, ಕತ್ತರಿ, ಎರಡು ದಾರದುಂಡೆಗಳನ್ನು ಇಳಿಸಿದಳು.

"ಇನ್ನೇನಾದ್ರೂ ಇದೆಯಾ?"

"ಎಲ್ಲಾ ಕಿತ್ಕೊಂಡ್ಯಲ್ಲೇ ತಾಯಿ!" ಎಂದರು ಅತ್ತೆ.

ಊಟದ ಮೇಜಿನ ಮೇಲೆ ಕೇಕು ಬಂತು. ಅದರ ಮೇಲೆ 'ಸೂಜಿಯಮ್ಮ' ಎಂದು ಬರೆಸಿದ್ದಳು ನಾದಿನಿ. ಅಷ್ಟರಲ್ಲಿ ಸಂಗೀತ ಜೋರಾಗಿ ಕರಡಿಯೂ ಬಂತು. ಅತ್ತೆ ಅದರ ಮುಖ ನೋಡಲಿಲ್ಲ, ಕಂಕುಳಿನ ಹೊಲಿಗೆ ನೋಡಿದರು. ಕರಡಿ ಎರಡೂ ಕೈ ಮೇಲೆತ್ತಿ ಗಿರಗಿರನೆ ತಿರುಗಿತು. ಅತ್ತೆಯ ಕೈ ತಾನಾಗಿಯೇ ತಮ್ಮ ರವಿಕೆಯ ಕೊರಳಪಟ್ಟಿಗೆ ಹೋಯಿತು.

ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಆಮೇಲೆಯೇ ಅತ್ತೆ ಕರಡಿಯ ಮುಖ ನೋಡಿದರು. ಮಕ್ಕಳ ಜೊತೆ ತಾವೂ ಚಪ್ಪಾಳೆ ತಟ್ಟಿದರು.

ಕುಣಿಯುತ್ತಾ ನಮ್ಮ ಮೇಜಿಗೆ ಬಂದ ಕರಡಿ ಕೇಕಿನ ಮೇಲಿನ ಹೆಸರು ಕಂಡು ಥಟ್ಟನೆ ನಿಂತಿತು. ವೇಷ ತೊಟ್ಟವರು ಮಾತಾಡುವಂತಿಲ್ಲ, ಅದು ಪಾರ್ಕಿನ ಕಟ್ಟಳೆ. ಕರಡಿ ಬಗ್ಗಿ, ತನ್ನ ಕುತ್ತಿಗೆಯ ಅಂಚನ್ನು ಪಂಜದಿಂದ ಒಂದಿಷ್ಟು ಸರಿಸಿತು. ಒಳಗಿನ ಪುಟ್ಟ ಜೇಬಿನಿಂದ ಬಿಳಿ ಕರವಸ್ತ್ರದ ತುದಿ ಇಣುಕಿತು. ಅತ್ತೆಯ ಜೇಬು ಇನ್ನೂ ಬಳಕೆಯಲ್ಲಿತ್ತು! ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಅತ್ತೆ ತಮ್ಮ ಕೊರಳಪಟ್ಟಿಯ ಒಳಗಿನಿಂದ ದಾರ ಪೋಣಿಸಿಟ್ಟಿದ್ದ ಸೂಜಿಯೊಂದನ್ನು ತೆಗೆದು ಮಗಳ ಕೈಗಿಟ್ಟರು.

"ತಗೋಳೇ, ಇದೊಂದು ಉಳಿದಿತ್ತು. ಇವತ್ತು ಬೇಕಾಗಲ್ಲ."

ಆಮೇಲೆ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, "ಎಲ್ಲಿ, ಬಡಿಸೋಕೆ ಹೇಳು" ಎಂದರು.