ಇನ್ನೊಬ್ಬರ ಗುಗ್ಗೆ ಮೆತ್ತಿದ ಡಬ್ಬಿ

ಇಯರ್‌ಬಡ್ ಚಾರ್ಜ್ ಮಾಡುವ ಡಬ್ಬಿಯನ್ನು ಸೋಲೂರಿನಿಂದ ಮಾಗಡಿಗೆ ಬರುವ ಬಸ್ಸಿನಲ್ಲಿ ಬಿಟ್ಟೆ. ಹೀಗೆಂದು ಎಲ್ಲರಿಗೂ ಹೇಳಿದ್ದೇನೆ. ಸೀಟಿನ ಮೇಲೆ ಬಿದ್ದಿರುವ ಡಬ್ಬಿಯ ಚಿತ್ರವೂ ಕಣ್ಣ ಮುಂದಿದೆ. ಆದರೆ ಅದು ನೆನಪೋ, ಹೇಳಿ ಹೇಳಿ ನಾನೇ ಕಟ್ಟಿಕೊಂಡದ್ದೋ ತಿಳಿಯದು. ಬಿದ್ದದ್ದನ್ನು ಕಂಡಿದ್ದರೆ ಎತ್ತಿಕೊಳ್ಳುತ್ತಿರಲಿಲ್ಲವೇ? ನಂಬಬಹುದಾದದ್ದು ಇಷ್ಟು: ಬಡ್‌ಗಳು ಕಿವಿಯಲ್ಲಿದ್ದವು, ಡಬ್ಬಿ ಇರಲಿಲ್ಲ, ಸಂಜೆಗೆ ಚಾರ್ಜ್ ಮುಗಿದು ಎರಡು ಬಡ್‌ಗಳೂ ಸತ್ತವು.

ಹಾಡು ಕೇಳುವವನಿಗೆ ಅದೇನು ದೊಡ್ಡದಲ್ಲ. ನನಗೆ ಎಡಗಿವಿ ಪೂರ್ತಿ ಕೇಳದು, ಬಲಗಿವಿ ಅರ್ಧ. ಫೋನನ್ನು ಮುಂದಿನ ಬೆಂಚಿನ ಮೇಲಿಟ್ಟು, ಅದು ಹಿಡಿದ ದನಿಯನ್ನು ಬಡ್‌ಗಳಲ್ಲಿ ಕೇಳಿಸಿಕೊಂಡು ಪಾಠ ಮಾಡುತ್ತಿದ್ದೆ. ಹುಡುಗರು ಶೋಕಿ ಎಂದುಕೊಂಡಿದ್ದರು. ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ. ನನ್ನಂಥ ಅತಿಥಿ ಉಪನ್ಯಾಸಕನನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಕಿವುಡನನ್ನು ಯಾರು ತೆಗೆದುಕೊಂಡಾರು? ನಾವು ಕೇಳಿದ್ದು ಒಂದಾದರೆ ಮೇಷ್ಟ್ರು ಹೇಳುವುದು ಇನ್ನೊಂದು ಎಂಬ ಹುಡುಗರ ದೂರು ಆಗಲೇ ಹೋಗಿ, ಎರಡು ದಿನ ಬಿಟ್ಟು ಪ್ರಿನ್ಸಿಪಾಲರು ನನ್ನ ತರಗತಿಯಲ್ಲಿ ಬಂದು ಕೂರುವವರಿದ್ದರು.

ನಾನು ಓದಿದ್ದು ಭೌತಶಾಸ್ತ್ರ. ತಂತಿ ಇಲ್ಲದೆ ಕರೆಂಟು ಹಿಡಿಯುವ ಸುರುಳಿ ಡಬ್ಬಿಯಲ್ಲಿರುತ್ತದೆ, ಬಡ್‌ನಲ್ಲಿ ಇರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಯಾವುದೋ ವಿಡಿಯೊ ನೋಡಿ, ಫೋನ್ ಚಾರ್ಜ್ ಮಾಡುವ ಬಿಲ್ಲೆಯ ಮೇಲೆ ಬಡ್‌ಗಳನ್ನಿಟ್ಟು ಮಾರನೆಯ ಬೆಳಗಿನ ಅರ್ಧ ಹೊತ್ತು ಕಾದೆ. ಒಸಿ ಬೆಚ್ಚಗಾದವು, ಅಷ್ಟೆ. ಓದಿದ್ದರ ಮೇಲೂ ನನ್ನ ಮೇಲೂ ಹೇಸಿಗೆಯಾಯಿತು.

ಮಾಗಡಿ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಗೆ ಹೋಗಿ ಬಡ್‌ಗಳನ್ನು ತೋರಿಸಿದೆ. ಅಂಗಡಿಯವನ ಮಾತು ಅರ್ಧ ಕಿವಿಗೆ ಬಿತ್ತು, ಇನ್ನರ್ಧ ಅವನ ತುಟಿ ನೋಡಿ ತುಂಬಿಕೊಂಡದ್ದು.

“ಬರೀ ಡಬ್ಬ ಸಿಕ್ಕಲ್ಲ ಸಾ. ಇದೇ ಮಾಡೆಲ್ಲು ನಮ್ ಬಾಮೈದುಂದು ಒಂದೈತೆ. ಬಡ್ ಕಳ್ಕಂಡು ಡಬ್ಬ ಇಲ್ಲೇ ಎಸ್ದೋಗವ್ನೆ.”

ಡ್ರಾಯರ್ ಜಾಲಾಡಿ ತೆಗೆದ. ಎರಡೂ ಗುಳಿಗಳಲ್ಲಿ ಕಿವಿಯ ಹಳದಿ ಗುಗ್ಗೆ. ಅಂಚಿನಲ್ಲಿ ಒಣಗಿ ಕಪ್ಪಾಗಿತ್ತು, ನಡುವೆ ಒಂದು ಕೂದಲು. ಪಿನ್ನಿನಿಂದ ಕೆದಕಿ, ಉಫ್ ಎಂದು ಊದಿ, ಅದೇ ಪಿನ್ನನ್ನು ತನ್ನ ಕಿವಿಗೂ ಹಾಕಿ ಒಂದು ಸುತ್ತು ತಿರುಗಿಸಿದ. ನಾನು ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡೆ.

“ಒರೆಸಕ್ಕೆ ಸ್ಪಿರಿಟ್ ಇಲ್ವೇನಪ್ಪ?”

“ಯಾಕ್ ಸಾ, ಇಂಜೆಕ್ಷನ್ ಚುಚ್ತೀರಾ?” ಎಂದು ನಕ್ಕ. “ಅಸಹ್ಯ ಆದ್ರೆ ಬುಟ್ಬುಡಿ. ನಾಕ್ ದಿನ ಹಾಡ್ ಕೇಳ್ದಿದ್ರೆ ಸತ್ತೋಯ್ತೀರಾ?”

ನಾನು ಗಾಜಿನ ಮೇಜಿನ ಮೇಲೆ ಬಾಗಿ, ಗುಟ್ಟಿನ ದನಿಯಲ್ಲಿ ಹೇಳಿದೆ: “ಹಾಡಿಗಲ್ಲಪ್ಪ. ನನಗೆ ಕಿವಿ ಕೇಳಲ್ಲ. ಇದಿಲ್ದಿದ್ರೆ ಪಾಠ ಮಾಡಕ್ಕಾಗಲ್ಲ.”

ಗುಟ್ಟಿನ ದನಿ ಎಂದುಕೊಂಡವನು ನಾನೊಬ್ಬನೇ. ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿದ್ದವರೆಲ್ಲ ಲೋಟ ಹಿಡಿದು ಇತ್ತ ತಿರುಗಿದ್ದರು. ಆ ಮುಖಗಳನ್ನು ನೋಡಿಯೇ ನಾನು ಕೂಗಿದ್ದೇನೆಂದು ತಿಳಿದದ್ದು. ಅವರ ನಡುವೆ ನಮ್ಮ ಕಾಲೇಜಿನ ಕ್ಲರ್ಕ್ ಇದ್ದ.

ಅವನು ಎದ್ದು ಬಂದು ನನ್ನ ಬಲಗಿವಿಗೆ ಬಾಯಿಟ್ಟು ಹೇಳಿದ: “ಸಾರ್, ನಾನೇನೂ ಕೇಳಿಸ್ಕಳ್ಳಿಲ್ಲ ಬುಡಿ.”

ಗುಗ್ಗೆಯನ್ನಾದರೂ ಪಿನ್ನಿನಿಂದ ಕೆದಕಬಹುದಿತ್ತು. ಆ ಕರುಣೆಯನ್ನು ಏನು ಮಾಡುವುದು?

ಅಂಗಡಿಯವನ ನಗು ನಿಂತಿತ್ತು. ಡಬ್ಬಿಯನ್ನು ತನ್ನ ಕರ್ಚೀಫಿನಿಂದ ಎರಡೆರಡು ಸಲ ಒರೆಸಿ, ಬಡ್‌ಗಳನ್ನು ಕೂರಿಸಿ, ವೈರು ಚುಚ್ಚಿದ. ಕೆಂಪು ದೀಪ ಹೊತ್ತಿತು. “ಕುಂತ್ಕಳಿ ಸಾ! ಅರ್ಧ್ ಗಂಟೆ!” ಒಂದೊಂದು ಪದವನ್ನೂ ಬಾಯಿ ಅಗಲಿಸಿ, ಮಗುವಿಗೆ ಹೇಳುವಂತೆ ಕಿರುಚುತ್ತಿದ್ದ. ಪಿನ್ನು ತಿರುಗಿಸಿ ನಕ್ಕಿದ್ದ ಮೊದಲಿನವನೇ ವಾಸಿಯಿದ್ದ.

ಅರ್ಧ ಗಂಟೆಯ ಮೇಲೆ ಬಡ್‌ಗಳನ್ನು ಕಿವಿಗೆ ಹಾಕಿಕೊಂಡು ಫೋನಿಗೆ ಜೋಡಿಸಿದೆ. ಯಾರದೋ ಗುಗ್ಗೆಯ ಅಂಟು ಒಳಗೆ ತಾಗಿದಂತಾಗಿ ಮೈ ಜುಂ ಎಂದಿತು. ಅದು ನಿಜವೋ ಭ್ರಮೆಯೋ ಹೇಳಲಾರೆ. ಬಸ್ಸುಗಳ ಹಾರ್ನು, ಕಂಡಕ್ಟರನ ಕೂಗು ಎಲ್ಲ ಒಮ್ಮೆಲೇ ನುಗ್ಗಿತು. ಕ್ಲರ್ಕ್ ಹೋಗದೆ ಕಾದಿದ್ದ.

“ಪ್ರಿನ್ಸಿಪಾಲ್ರು ಬಂದಾಗ ಇವನ್ನೇ ಹಾಕ್ಕಂಬುಡಿ ಸಾರ್, ಯಾರ್ಗೂ ಗೊತ್ತಾಗಲ್ಲ. ನಾನಂತೂ ಬಾಯ್ ಬುಡಾಕಿಲ್ಲ.”

ಇನ್ನು ಮೇಲೆ ಪ್ರತಿ ದಿನ ಇವನ ಮುಚ್ಚಿದ ಬಾಯಿಯನ್ನು ನೋಡಿಕೊಂಡು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು.

“ಬೇಡ. ನಾಳೆ ಅವರಿಗೆ ನಾನೇ ಹೇಳ್ತೀನಿ, ಕಿವಿ ಕೇಳಲ್ಲ ಅಂತ.”

ಈ ಸಲ ನನ್ನ ದನಿ ನನಗೇ ಕೇಳಿಸಿತು. ಅದು ಬರೀ ಪಿಸುಮಾತಾಗಿತ್ತು. ಟೀ ಅಂಗಡಿಯವರು ಯಾರೂ ತಿರುಗಲಿಲ್ಲ. ಅದಕ್ಕೇ ಇನ್ನೊಮ್ಮೆ ಹೇಳಿದೆ, ಜೋರಾಗಿ.