ಉಪವಾಸ ಕೆಡಿಸದ ತಂಬಾಕು

ಮಧ್ಯಾಹ್ನದ ಚಹಾ ತುಸು ತಡವಾದರೆ ನನಗೆ ಲೋಕದ ಅಧಃಪತನ ನಿಚ್ಚಳವಾಗಿ ಗೋಚರಿಸತೊಡಗುತ್ತದೆ. ಆದವಾನಿಯ ಆಟೋದವರಿಗೆ ಶಿಸ್ತಿಲ್ಲ, ನೆರೆಮನೆಯವರಿಗೆ ಸಂಸ್ಕಾರವಿಲ್ಲ, ಹೆಂಡತಿಗೆ ನನ್ನ ಮೇಲೆ ಮೊದಲಿನ ಗೌರವವಿಲ್ಲ ಎಂಬ ಪರಮಸತ್ಯಗಳೆಲ್ಲ ಒಟ್ಟಿಗೇ ಹೊಳೆಯುತ್ತವೆ. ಲೋಟ ಖಾಲಿಯಾಗುತ್ತಲೇ ಅವರೆಲ್ಲ ಸಜ್ಜನರಾಗಿಬಿಡುತ್ತಾರೆ. ಚಟವೆಂಬುದು ತನ್ನ ನಿಜನಾಮಧೇಯ ಹೇಳಿಕೊಂಡು ಒಳಗೆ ಬರುವುದಿಲ್ಲ. ತಲೆನೋವು, ಮುಂಗೋಪ, ನನ್ನಂಥವನಲ್ಲಾದರೆ ತತ್ತ್ವಜಿಜ್ಞಾಸೆ, ಹೀಗೆ ಯಾವುದೋ ಮರ್ಯಾದಸ್ಥ ವೇಷದಲ್ಲಿ ಬಂದು ಕೂರುತ್ತದೆ. ನಿಮ್ಮಲ್ಲಿ ಬೇರೆ ವೇಷವಿದ್ದೀತು.

ನನ್ನ ಅಣ್ಣನಲ್ಲಿ ಅದು ವ್ರತದ ಮಗ್ಗುಲಲ್ಲೇ ಕೂತಿತ್ತು. ಅಣ್ಣ ಹತ್ತಿ ವ್ಯಾಪಾರಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎಡದವಡೆಯಲ್ಲಿ, ಅಂಗೈಯೊಳಗೆ ಹೆಬ್ಬೆರಳಿನಿಂದ ಸುಣ್ಣ ತಿಕ್ಕಿದ ತಂಬಾಕು. ಸೋಮವಾರ ಸಂಜೆಯ ಪೂಜೆಯಾಗುವವರೆಗೆ, ಮಾರುಕಟ್ಟೆಯ ಉರಿಬಿಸಿಲಲ್ಲಿ ಅರಳೆ ಎಳೆದೆಳೆದು ನೋಡುತ್ತ ನಿಂತರೂ, ಹನಿ ನೀರು ಮುಟ್ಟುತ್ತಿರಲಿಲ್ಲ. ತಂಬಾಕಿಗೆ ಮಾತ್ರ ವಿನಾಯಿತಿ. ನುಂಗಿದ್ದು ಆಹಾರ, ಉಗುಳಿದ್ದು ಆಹಾರವಲ್ಲ ಎಂಬುದು ನಮ್ಮ ಮನೆಯ ಶಾಸ್ತ್ರ. ಅಪ್ಪನೂ ಅದನ್ನೇ ಪಾಲಿಸಿದವರು.

ಒಂದು ಸೋಮವಾರ ಅದನ್ನೂ ಬಿಟ್ಟು ನೋಡು ಎಂದೆ. ಅಣ್ಣ ನಕ್ಕುಬಿಟ್ಟ.

"ಹುಚ್ಚಪ್ಪ! ಅನ್ನ ನೀರು ಬಿಟ್ಟಾಂವಗ ಇದ್ಯಾವ ಲೆಕ್ಕ? ಬೇಕಂದ್ರ ಈಗ ಬಿಡ್ತೀನಿ. ಖಾಲಿ ಹೊಟ್ಟಿಗೆ ತಲಿ ಓಡಬೇಕಲ್ಲ, ಅದಕ್ಕ ಹಾಕ್ಕೊಂತೀನಿ."

ಹಸಿವನ್ನೇ ಗೆದ್ದವನನ್ನು ಒಂದು ಎಲೆ ಗೆದ್ದೀತೆಂದು ನಮಗೂ ತೋಚಲಿಲ್ಲ.

ಮುಂದೆ ಅದೇ ದವಡೆಯೊಳಗೆ ಹುಣ್ಣಾಯಿತು. ಉಪವಾಸದ ಉಷ್ಣ ಎಂದು ಬಂಧುಬಳಗವೆಲ್ಲ ಏಕಕಂಠದಿಂದ ನಿರ್ಣಯಿಸಿತು. ಅತ್ತಿಗೆಯೊಬ್ಬಳೇ ಒಪ್ಪಲಿಲ್ಲ. "ಉಪಾಸದಿಂದ ಆಗೋದಾದ್ರ ನನಗೂ ಆಗಬೇಕಿತ್ತಲ್ರಿ? ನಾನೂ ಇರ್ತೀನಿ," ಎಂದಳು. ಆಕೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಣ್ಣು ಮಾಯಲೆಂದು ಅಣ್ಣ ಬಿಟ್ಟದ್ದು ಏನನ್ನು ಗೊತ್ತೇ? ಉಪವಾಸವನ್ನು! ಬಾಲ್ಯದಿಂದ ನಡೆಸಿಕೊಂಡು ಬಂದ ವ್ರತವನ್ನು ಅಂಗಿ ಕಳಚಿದಷ್ಟು ಸಲೀಸಾಗಿ ಕಳಚಿಟ್ಟು, ಸೋಮವಾರ ಬೆಳಿಗ್ಗೆಯೇ ತಣ್ಣನೆಯ ಮಜ್ಜಿಗೆ ಕುಡಿದು, ಬಾಯೊರೆಸಿಕೊಂಡು ತಂಬಾಕು ಹಾಕಿಕೊಂಡ. ಯಾವುದು ಅವನ ಕೈಯಲ್ಲಿತ್ತು, ಅವನು ಯಾವುದರ ಕೈಯಲ್ಲಿದ್ದ ಎಂಬುದು ಅಂದು ನನಗೆ ತಿಳಿಯಿತು. ತಿಳಿಯುವ ಹೊತ್ತಿಗೆ ಹುಣ್ಣು ಹುಣ್ಣಾಗಿ ಉಳಿದಿರಲಿಲ್ಲ, ಕ್ಯಾನ್ಸರಾಗಿತ್ತು. ನಮ್ಮ ಆ ಶಾಸ್ತ್ರದ ಮೇಲೆ, ಅದನ್ನು ತಲೆದೂಗಿ ಒಪ್ಪಿದ ಎಲ್ಲರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕರ್ನೂಲಿನ ಆಸ್ಪತ್ರೆಯಲ್ಲಿ ಎಡದವಡೆಯನ್ನು ತೆಗೆದರು. ಮಾತು ಹೋಯಿತು. ಮೊನ್ನೆ ನೋಡಲು ಹೋದಾಗ ಅತ್ತಿಗೆ ಮೂಗಿನ ನಳಿಕೆಗೆ ಗಂಜಿ ಹನಿಸುತ್ತಿದ್ದಳು. ಅಣ್ಣನ ಎಡಗೈ ಹೊದಿಕೆಯ ಮೇಲೆ ಅಂಗಾತ ಬಿದ್ದಿತ್ತು. ಬಲಗೈಯ ಹೆಬ್ಬೆರಳು ಅದರೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು.

"ಅಂಗೈಯಾಗ ಏನೂ ಇಲ್ರಿ," ಎಂದಳು ಅತ್ತಿಗೆ, ಮೆಲ್ಲಗೆ.

ಅಣ್ಣ ತಲೆ ತಗ್ಗಿಸಿ ತನ್ನ ಕೈಯನ್ನು ನೋಡಿದ. ಬಹುಶಃ ಮೊದಲ ಬಾರಿಗೆ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ಹೆಬ್ಬೆರಳು ಮಾತ್ರ ತಿಕ್ಕುತ್ತಲೇ ಇತ್ತು.